ಎರಡಡಿ ಹಳಿಯ ಲೆಕ್ಕ

ಕಳೆದ ಕಾರ್ತಿಕದಲ್ಲಿ ನಮ್ಮ ಹೆಡ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಮೊಮ್ಮಗಳ ಸೈಕಲ್ಲಿನ ಚೈನು ಸರಿಮಾಡುತ್ತ ಕುಳಿತಿದ್ದೆ. ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗುರುಗಳ ಆದರ್ಶಗಳನ್ನು ಕುರಿತು ಬರೆಯುವವರು ಬೇಕಾದಷ್ಟು ಜನರಿದ್ದಾರೆ, ನಾನು ಕದ್ದ ಗಂಟೆಯ ವಿಷಯ ಬರೆಯುತ್ತೇನೆ ಎಂದೆ. ಅವರು ನಕ್ಕರು; ತಮಾಷೆಯೆಂದು ತಿಳಿದುಕೊಂಡಿರಬೇಕು.

ಬೆಂಕಿಪುರವೆಂದಿದ್ದ ನಮ್ಮೂರು ಭದ್ರಾವತಿಯಾಯಿತು. ಹೆಸರಿನಿಂದ ಹೋದ ಬೆಂಕಿ 1923ರಿಂದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯಲ್ಲಿ ಉರಿಯತೊಡಗಿತು. ಅಪ್ಪ ಅಲ್ಲಿ ಪಾಳಿಯ ಕೆಲಸಗಾರರು. ಹಗಲು ಪಾಳಿಯಿದ್ದಾಗ ಅವರು ಮನೆಯಲ್ಲಿರುತ್ತಿರಲಿಲ್ಲ, ರಾತ್ರಿ ಪಾಳಿಯಿದ್ದಾಗ ಹಗಲೆಲ್ಲ ಮಲಗಿರುತ್ತಿದ್ದರು. ಅಮ್ಮ ನಾನು ಏಳನೆಯ ತರಗತಿಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಹೇಳುವವರು ಕೇಳುವವರು ಇಲ್ಲದ ಮನೆಯ ಹುಡುಗ ಏನಾಗಬಹುದೋ ಅದೇ ನಾನಾದೆ. ಎಂಟನೆಯ ತರಗತಿಯಲ್ಲಿ ಒಮ್ಮೆ ನಪಾಸಾದೆ, ಬೀಡಿ ಕಲಿತೆ, ಓಸಿ ಎಂಬ ನಂಬರು ಜೂಜಿನ ಚೀಟಿ ಬರೆಯುವವನೊಬ್ಬನ ಕೈಯಾಳಾಗಿ ಹಳೇನಗರದ ಗಲ್ಲಿಗಳಲ್ಲಿ ನಂಬರು ಮುಟ್ಟಿಸುವ ಕೆಲಸಕ್ಕೆ ನಿಂತೆ. ದಿನಕ್ಕೆ ಒಂದು ರೂಪಾಯಿ ಸಿಗುತ್ತಿತ್ತು. ನಮ್ಮ ಡ್ರಿಲ್ ಮೇಷ್ಟ್ರು ನನ್ನನ್ನು ಕಂಡಾಗಲೆಲ್ಲ, "ಇವನಿಗೆ ಟಿ.ಸಿ. ಕೊಟ್ಟು ಕಳಿಸಿ ಸಾರ್, ಶಾಲೆಯ ಗಾಳಿ ಶುದ್ಧವಾಗುತ್ತದೆ" ಎನ್ನುತ್ತಿದ್ದರು. ಅವರ ಮಾತಿನಲ್ಲಿ ತಪ್ಪಿತ್ತೆಂದು ನಾನು ಇಂದಿಗೂ ಹೇಳಲಾರೆ.

ಆಗ ಶಾಲೆಗೆ ನಿಜವಾದ ಗಂಟೆ ಇರಲಿಲ್ಲ. ಆಫೀಸಿನ ಮುಂದಿನ ಹೊಂಗೆಮರದ ಕೊಂಬೆಗೆ ರೈಲುಹಳಿಯ ಎರಡಡಿ ತುಂಡೊಂದನ್ನು ದಪ್ಪ ತಂತಿಯಲ್ಲಿ ತೂಗುಹಾಕಿದ್ದರು. ಸುತ್ತಿಗೆಯಿಂದ ಹೊಡೆದರೆ ಅದರ ದನಿ ಹೊಳೆಯ ಆಚೆ ದಡಕ್ಕೂ ಕೇಳುತ್ತಿತ್ತು. 1979ರ ಮಳೆಗಾಲದ ಒಂದು ಶನಿವಾರ ರಾತ್ರಿ ನಾನೂ ನನ್ನ ಗೆಳೆಯನೂ ಆ ತಂತಿಯನ್ನು ಕತ್ತರಿಸಿ, ಹಳಿಯನ್ನು ಗೋಣಿಚೀಲದಲ್ಲಿ ಸುತ್ತಿ, ಭಾನುವಾರ ಬೆಳಿಗ್ಗೆ ಹೊಳೆಯಾಚೆಯ ಗುಜರಿ ಅಂಗಡಿಗೆ ಹಾಕಿದೆವು. ಕಿಲೋಗೆ 60 ಪೈಸೆಯಂತೆ 14 ಕಿಲೋಗೆ 8 ರೂಪಾಯಿ 40 ಪೈಸೆ ಬಂತು. ಇಬ್ಬರೂ ಮಸಾಲೆದೋಸೆ ತಿಂದು ಮ್ಯಾಟಿನಿ ಶೋಗೆ ಹೋದೆವು. ಯಾವ ಸಿನಿಮಾ ಎಂಬುದು ಮರೆತಿದೆ, ದೋಸೆ ಮಾತ್ರ ಚೆನ್ನಾಗಿ ನೆನಪಿದೆ.

ಸೋಮವಾರ ಜವಾನ ಒಂದು ಹಿತ್ತಾಳೆ ತಟ್ಟೆಯನ್ನು ಬಡಿದು ಪ್ರಾರ್ಥನೆಗೆ ಕರೆದ. ನಾವೂ ಎಲ್ಲರೊಂದಿಗೆ ಸೇರಿ ನಕ್ಕೆವು. ಹೆಡ್ ಮೇಷ್ಟ್ರು ಯಾರನ್ನೂ ಏನನ್ನೂ ಕೇಳಲಿಲ್ಲ. ಕಬ್ಬಿಣವನ್ನು ಯಾರೂ ತಿನ್ನುವುದಿಲ್ಲ, ಗುಜರಿಯಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ ಎಂಬ ಸರಳ ತರ್ಕದಿಂದ ಅವರು ಮಧ್ಯಾಹ್ನದ ಬಿಡುವಿನಲ್ಲಿ ಸೈಕಲ್ ತುಳಿದು ಊರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಬಂದರೆಂದು ಆಮೇಲೆ ತಿಳಿಯಿತು. ಸಂಜೆ ನಮ್ಮಿಬ್ಬರನ್ನೂ ಜೊತೆಯಲ್ಲಿ ಕರೆದೊಯ್ದು, ಅಂಗಡಿಯವನಿಗೆ ತಮ್ಮ ಜೇಬಿನಿಂದ ಹಣ ಎಣಿಸಿಕೊಟ್ಟು, "ಹೊರಿ ಮಾರಾಯ" ಎಂದರು. ಅಷ್ಟೇ. ಹಳಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಇಡಲೇ ಎಂದು ಕೇಳಿದ್ದಕ್ಕೆ, "ಬೇಡ, ಟೈರು ಹೋಗುತ್ತದೆ" ಎಂದರು.

ಇಬ್ಬರೂ ಸರದಿಯಂತೆ ಹೆಗಲ ಮೇಲೆ ಹೊತ್ತು ಭದ್ರೆಯ ಸೇತುವೆಯ ಮೇಲೆ ಬರುವಾಗ ಕಾರ್ಖಾನೆಯ ಸೈರನ್ ಕೂಗಿತು. ಪಾಳಿ ಬಿಟ್ಟ ಕೆಲಸಗಾರರ ಸೈಕಲ್ಲುಗಳು ಹೊಳೆಯಂತೆಯೇ ಎದುರಿನಿಂದ ಹರಿದು ಬಂದವು. ಅವರಲ್ಲಿ ಅಪ್ಪನೂ ಇದ್ದರು. ಹಳಿಯ ಅಂಚು ಹೆಗಲಿಗೆ ಒತ್ತಿ ಉರಿಯುತ್ತಿದ್ದದ್ದು ಅವರನ್ನು ಕಂಡ ಕೂಡಲೇ ನಿಂತುಹೋಯಿತು, ಮೈಯೆಲ್ಲ ಮರಗಟ್ಟಿತು. ಅಪ್ಪ ಸೈಕಲ್ಲಿನಿಂದ ಇಳಿದು, ಒಮ್ಮೆ ನನ್ನನ್ನೂ ಒಮ್ಮೆ ಮೇಷ್ಟ್ರನ್ನೂ ನೋಡಿ, ಇದೇನು ಸ್ವಾಮಿ ಎಂದು ಕೇಳಿದರು. "ಶಾಲೆಯ ಗಂಟೆ ರಿಪೇರಿಗೆ ಬಂದಿತ್ತು. ನಿಮ್ಮ ಹುಡುಗನಿಗೆ ತೋಳಿನಲ್ಲಿ ಶಕ್ತಿ ಇದೆ, ಅದಕ್ಕೇ ಕರೆತಂದೆ" ಎಂದರು ಮೇಷ್ಟ್ರು. ಹರಿಶ್ಚಂದ್ರನ ಪಾಠಕ್ಕೆ ಕಣ್ಣೀರು ಹಾಕುತ್ತಿದ್ದ ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಎರಡಡಿಯ ಹಳಿಗೆ ಎಂಥ ರಿಪೇರಿಯೆಂದು ಕಬ್ಬಿಣದ ನಡುವೆಯೇ ಬದುಕಿದ ಅಪ್ಪನಿಗೆ ಹೊಳೆಯಲಿಲ್ಲವೆಂದು ನಾನು ನಂಬುವುದಿಲ್ಲ. ಅವರು ತಲೆಯಾಡಿಸಿ ಸೈಕಲ್ ಹತ್ತಿದರು. ಸಾಯುವವರೆಗೂ ಆ ಮಾತನ್ನು ಎತ್ತಲಿಲ್ಲ.

ಮರುದಿನ ಮೇಷ್ಟ್ರದೇ ಗಣಿತದ ಪಾಠ. ಹಳಿಯನ್ನು ತರಗತಿಗೆ ತರಿಸಿ, ಮೇಜಿನ ಮೇಲೆ ಅಡ್ಡ ಮಲಗಿಸಿ, ಅದರ ಹೊಟ್ಟೆಯ ಮೇಲೆ ಉಬ್ಬಿದ್ದ ಅಂಕಿಯನ್ನು ಓದಲು ನನಗೇ ಹೇಳಿದರು. 60 ಎಂದಿತ್ತು. ಗಜಕ್ಕೆ 60 ಪೌಂಡು ತೂಗುವ ಹಳಿಯೆಂದು ಅದರ ಅರ್ಥವಂತೆ. ದಿನವೂ ಕಣ್ಣೆದುರು ತೂಗಾಡುತ್ತಿದ್ದ ಅಂಕಿಯನ್ನು ನಾನು ಅಂದಿನವರೆಗೆ ನೋಡಿಯೇ ಇರಲಿಲ್ಲ. ಮೂರಡಿಗೆ 60 ಪೌಂಡಾದರೆ ಎರಡಡಿಗೆಷ್ಟು, ಒಂದು ಪೌಂಡಿಗೆ 454 ಗ್ರಾಮಿನಂತೆ ಅದು ಎಷ್ಟು ಕಿಲೋ ಎಂದು ಕೇಳಿ ಸೀಮೆಸುಣ್ಣವನ್ನು ನನ್ನ ಕೈಗಿತ್ತರು. ಬೆವರುತ್ತ, ಅಳಿಸುತ್ತ, 18 ಕಿಲೋ ಚಿಲ್ಲರೆ ಎಂದು ಬರೆದೆ. ಮೇಷ್ಟ್ರು ನನ್ನ ಕಿವಿಯ ಬಳಿ ಬಾಗಿ, ಬೇರಾರಿಗೂ ಕೇಳದಷ್ಟು ಮೆಲ್ಲಗೆ, "ಅವನು ಎಷ್ಟು ತೂಗಿದ?" ಎಂದರು. ಹದಿನಾಲ್ಕು ಎಂದೆ. "ನೋಡಿದೆಯಾ, ಕಳ್ಳತನಕ್ಕೂ ಲೆಕ್ಕ ಬರಬೇಕು ಮಾರಾಯ" ಎಂದರು. ಪ್ರೌಢಶಾಲೆಯ ಮೂರು ವರ್ಷದ ಗಣಿತದಲ್ಲಿ ನನ್ನ ತಲೆಯಲ್ಲಿ ಉಳಿದಿರುವುದು ಆ ಒಂದು ಲೆಕ್ಕ.

ಅಂದಿನಿಂದ ಗಂಟೆ ಹೊಡೆಯುವ ಕೆಲಸ ನನ್ನದಾಯಿತು. ಬೆಳಿಗ್ಗೆ ಮೇಷ್ಟ್ರು ತಮ್ಮ ಕೈಯ ಎಚ್‌ಎಂಟಿ ಗಡಿಯಾರವನ್ನು ಬಿಚ್ಚಿ ಕೊಡುತ್ತಿದ್ದರು. ಅದಕ್ಕೆ ಕೀಲಿ ತಿರುಗಿಸಿ, ಕಾರ್ಖಾನೆಯ ಸೈರನ್‌ಗೆ ಹೊಂದಿಸಿಕೊಂಡು, 40 ನಿಮಿಷಕ್ಕೊಮ್ಮೆ ಸುತ್ತಿಗೆ ಎತ್ತಬೇಕು. ಎಲ್ಲರಿಗಿಂತ ಮೊದಲು ಬರಬೇಕು, ಕೊನೆಗೆ ಹೋಗಬೇಕು. ನಡುವೆ ಓಸಿ ಚೀಟಿ ಹಿಡಿದು ಓಡಾಡಲು ಬಿಡುವೆಲ್ಲಿ? ಐದು ನೂರು ಹುಡುಗರ ಊಟ ಆಟಗಳೆಲ್ಲ ನನ್ನ ಕೈಯಲ್ಲಿವೆ ಎಂಬ ಹಮ್ಮು ಬೀಡಿಗಿಂತ ಹೆಚ್ಚು ತಲೆಗೇರಿತು. ಡ್ರಿಲ್ ಮೇಷ್ಟ್ರ ಪೀರಿಯಡನ್ನು ಒಂದೆರಡು ಸಲ ಐದು ನಿಮಿಷ ಮೊದಲೇ ಮುಗಿಸಿದ್ದೂ ಉಂಟು.

ಇಲ್ಲಿಂದ ನಾನು ಸೀದಾ ಮೇಲೇರಿದೆನೆಂದು ಯಾರೂ ತಿಳಿಯಬಾರದು. 1981ರ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ನಪಾಸಾಗಿ, ಒಂದು ತಿಂಗಳು ಮತ್ತೆ ಹಳೆಯ ಗಲ್ಲಿಗಳಿಗೆ ಹೋಗಿ ಬಂದೆ. ಮೇಷ್ಟ್ರು ಮನೆಗೆ ಕರೆಸಿ, ಅಕ್ಟೋಬರ್ ಪರೀಕ್ಷೆಗೆ ಕಟ್ಟಿಸಿ, ತಮ್ಮ ಮನೆಯ ಜಗಲಿಯ ಮೇಲೆ ನಾಲ್ಕು ತಿಂಗಳು ಕೂರಿಸಿದರು. ಅವರ ಮನೆಯವರು ಕೊಡುತ್ತಿದ್ದ ಒಗ್ಗರಣೆ ಮಂಡಕ್ಕಿಯ ಆಸೆಯೂ ನನ್ನನ್ನು ಅಲ್ಲಿ ಹಿಡಿದಿಟ್ಟಿತ್ತು ಎನ್ನಬೇಕು. 38 ಅಂಕ ಬಂತು. ಐಟಿಐ ಸೇರಿ ಫಿಟ್ಟರ್ ಆದೆ. ಅಪ್ರೆಂಟಿಸ್ ಮುಗಿಸಿ, ಕೆಲವು ವರ್ಷಗಳ ನಂತರ ಸರ್ಕಾರಿ ಐಟಿಐಯಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿ, 2024ರಲ್ಲಿ ನಿವೃತ್ತನಾದೆ. ಆತ್ಮಪ್ರಶಂಸೆ ಎಂದು ಭಾವಿಸಬಾರದು, ನನ್ನ ಕೈಯಲ್ಲಿ ಅರ ಹಿಡಿಯುವುದನ್ನು ಕಲಿತವರು ಇಂದು ಪುಣೆ ಹೊಸೂರುಗಳಿಂದ ಹಿಡಿದು ಕೊಲ್ಲಿ ದೇಶಗಳವರೆಗೂ ಇದ್ದಾರೆ. ಕಬ್ಬಿಣದ ಬಿಲ್ಲೆಯೊಂದರ ಒಂದು ಮೈಯನ್ನು ಉಜ್ಜಿ ಸಮ ಮಾಡಲು ಹೊಸ ಹುಡುಗನಿಗೆ ಮೂರು ದಿನ ಬೇಕು. ಮೂಲೆಮಟ್ಟವನ್ನು ಅದಕ್ಕೆ ಒತ್ತಿ ಕಿಟಕಿಯ ಕಡೆ ಹಿಡಿದಾಗ ನಡುವೆ ಕೂದಲೆಳೆಯಷ್ಟು ಬೆಳಕು ಇಣುಕಿದರೂ ಮತ್ತೆ ಅರ ಹಿಡಿಯಬೇಕು. ಹುಡುಗ ಬೇಸತ್ತು ಅರ ಎಸೆದಾಗ ನಾನು ಬೈಯುತ್ತಿರಲಿಲ್ಲ; ಟೂಲ್ ರೂಮಿನ ಬೀಗದ ಕೈ ಕೊಟ್ಟು, ನಾಳೆಯಿಂದ ನೀನೇ ಬಾಗಿಲು ತೆಗೆ ಎನ್ನುತ್ತಿದ್ದೆ. ಈ ಉಪಾಯ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಅದು ಕೆಲವರಲ್ಲಿ ಫಲಿಸಿತು. ಇಬ್ಬರು ಬೀಗದ ಕೈ ಸಮೇತ ನಾಪತ್ತೆಯಾದರು.

ನನ್ನೊಂದಿಗೆ ಹಳಿ ಹೊತ್ತ ಗೆಳೆಯನ ವಿಷಯವನ್ನು ಬರೆಯದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಅವನು ಆ ವರ್ಷವೇ ಶಾಲೆ ಬಿಟ್ಟ. ಅವನ ದಾರಿ ಬೇರೆಯಾಯಿತು, ಬಹಳ ಬೇಗ ಮುಗಿದೂ ಹೋಯಿತು. ಬುದ್ಧಿಯಲ್ಲಿ ಅವನು ನನಗಿಂತ ಚುರುಕಾಗಿದ್ದ. ತಂತಿ ಕತ್ತರಿಸುವ ಉಪಾಯವೂ ಅವನದೇ. ಅವನನ್ನು ಏಕೆ ಬಿಟ್ಟಿರಿ ಎಂದು ವರ್ಷಗಳ ನಂತರ ಒಮ್ಮೆ ಮೇಷ್ಟ್ರನ್ನು ಕೇಳಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಸುತ್ತಿಗೆ ಒಂದೇ ಇತ್ತಲ್ಲ" ಎಂದರು.

ಇಂದಿನ ಶಾಲೆಗಳಲ್ಲಿ ಒಂದೂ ಇಲ್ಲವೆಂದು ನನಗೆ ಅನಿಸುತ್ತದೆ. ಶೇಕಡಾ ನೂರು ಫಲಿತಾಂಶದ ಫ್ಲೆಕ್ಸ್ ಕಟ್ಟುವ ಆತುರದಲ್ಲಿ ಒಂಬತ್ತನೆಯ ತರಗತಿಯಲ್ಲೇ ದಡ್ಡರನ್ನು ಸದ್ದಿಲ್ಲದೆ ಸಾಗಹಾಕುವ ಶಾಲೆಗಳನ್ನು ನಾನು ಬಲ್ಲೆ. ಅವರಲ್ಲಿ ಎಷ್ಟೋ ಮಂದಿ ನನ್ನ ವರ್ಕ್‌ಶಾಪಿಗೇ ಬಂದಿದ್ದರು. ಇಂದು ನಾನು ಆ ಗಂಟೆ ಕದ್ದಿದ್ದರೆ ಮಧ್ಯಾಹ್ನದೊಳಗೆ ಅದರ ವೀಡಿಯೊ ಅಪ್ಪನ ಮೊಬೈಲಿಗೇ ಹೋಗಿರುತ್ತಿತ್ತು, ಸುಳ್ಳು ಹೇಳಿ ಕಾಪಾಡಲು ಮೇಷ್ಟ್ರಿಗೆ ಅವಕಾಶವೇ ಇರುತ್ತಿರಲಿಲ್ಲ.

ಮೊನ್ನೆ ಜನವರಿಯಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಶ್ರದ್ಧಾಂಜಲಿ ಭಾಷಣಗಳು ಉದ್ದವಾದಾಗ ನಾನು ಮೆಲ್ಲನೆ ಎದ್ದು ಆಫೀಸಿನ ಕಡೆ ಹೋದೆ. ಹೊಂಗೆಮರ ಇಲ್ಲ. ಗಂಟೆ ಈಗ ವಿದ್ಯುತ್ತಿನದು, ತಾನೇ ಹೊಡೆದುಕೊಳ್ಳುತ್ತದೆ. ನಮ್ಮ ಹಳಿಗೆ ಬೆಳ್ಳಿಬಣ್ಣ ಬಳಿದು ಗಾಜಿನ ಕಪಾಟಿನಲ್ಲಿ ಮಲಗಿಸಿ, ಕಪಾಟಿಗೆ ಬೀಗ ಹಾಕಿದ್ದಾರೆ. ಬಣ್ಣದ ಅಡಿಯಲ್ಲಿ ಆ 60 ಇನ್ನೂ ಉಬ್ಬಿಕೊಂಡಿದೆಯೇ ಎಂದು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಾಗ ಜವಾನರು ಬಂದರು. ಒಂದು ಸಲ ಮುಟ್ಟಬಹುದೇ ಎಂದು ಕೇಳಿದೆ.

"ಬೀಗದ ಕೈ ಹೆಡ್ ಮೇಡಂ ಹತ್ತಿರ ಇದೆ ಸಾರ್. ಕಬ್ಬಿಣ ಅಲ್ಲವೇ, ಹೊರಗಿಟ್ಟರೆ ಯಾರಾದರೂ ಗುಜರಿಗೆ ಹಾಕಿಬಿಡುತ್ತಾರೆ" ಎಂದರು.

ಹೌದಪ್ಪ, ಹಾಕುತ್ತಾರೆ ಎಂದೆ.