ಕಾಕಮೇಗಾದ ಟುರಾಕೊಗಳು: ಮೈಬಣ್ಣಕ್ಕಿಂತ ಮುಖ ನೋಡಿ

ಪಶ್ಚಿಮ ಕೀನ್ಯಾದ ಕಾಕಮೇಗಾ ಕಾಡಿನಲ್ಲಿ, ಹಣ್ಣು ಬಿಟ್ಟ ಒಂದೇ ಅತ್ತಿಮರಕ್ಕೆ ಟುರಾಕೊ ಎಂಬ ಆಫ್ರಿಕಾದ ಜುಟ್ಟಿನ ಹಕ್ಕಿಗಳು ಮೂರು ಬಗೆಯವು ಬಂದ ಬೆಳಗು ಅದು. ಇಂಥ ಮರ ಸಿಕ್ಕರೆ ಕಾಡೆಲ್ಲ ಅಲೆಯಬೇಕಿಲ್ಲ, ಅದರ ಬುಡದಿಂದ ಸ್ವಲ್ಪ ದೂರ ನಿಂತು ಕಾದರೆ ಸಾಕು.

ಮೊದಲು ಕೇಳಿಸಿದ್ದು ಗ್ರೇಟ್ ಬ್ಲೂ ಟುರಾಕೊದ ಗಡಸು ಕೂಗು. ಇದನ್ನು ಗುರುತಿಸುವುದು ಸುಲಭ: 70 ಸೆಂಟಿಮೀಟರಿಗೂ ಮೀರಿದ ಉದ್ದ, ಕಪ್ಪು ಜುಟ್ಟು, ತುದಿ ಕೆಂಪಾದ ಹಳದಿ ಕೊಕ್ಕು. ರಾಸ್ ಟುರಾಕೊ ಕಡುನೇರಳೆ. ಹಳದಿ ಕೊಕ್ಕಿನ ಬುಡ ಹಣೆಯ ಮೇಲೆ ಫಲಕದಂತೆ ಹಬ್ಬಿದೆ, ಜುಟ್ಟು ಕೆಂಪು.

ಕಷ್ಟ ಕೊಡುವುದು ಹಸಿರು ಟುರಾಕೊಗಳು. ಎಲೆಗಳ ನೆರಳಿನಲ್ಲಿ ಹಸಿರು ಮೈ ಕಪ್ಪಾಗಿಯೇ ಕಾಣುತ್ತದೆ. ರೆಕ್ಕೆಯ ಕೆಂಪು, ಹಕ್ಕಿ ಹಾರಿದಾಗಷ್ಟೇ ಹೊಳೆಯುತ್ತದೆ. ಆ ಹೊಳಪಿಗೆ ಮರುಳಾಗಿ ಜಾತಿ ಹೇಳಿದರೆ ತಪ್ಪುವ ಸಂಭವವೇ ಹೆಚ್ಚು, ಏಕೆಂದರೆ ರಾಸ್ ಟುರಾಕೊದ ರೆಕ್ಕೆಯಲ್ಲೂ ಅದೇ ಕೆಂಪಿದೆ. ಗ್ರೇಟ್ ಬ್ಲೂ ರೆಕ್ಕೆಯಲ್ಲಿ ಮಾತ್ರ ಇಲ್ಲ. ಈ ಕೆಂಪು ಟುರಾಸಿನ್ ಎಂಬ ತಾಮ್ರವುಳ್ಳ ವರ್ಣದ್ರವ್ಯದ್ದು; ರಸಾಯನಶಾಸ್ತ್ರಜ್ಞ ಆರ್ಥರ್ ಚರ್ಚ್ 1869ರಲ್ಲೇ ಇದನ್ನು ವಿವರಿಸಿದ್ದರು. ನವಿಲುಗರಿಯ ಹಸಿರು ಬರೀ ಬೆಳಕಿನ ಆಟ, ಟುರಾಕೊದ ಹಸಿರು ವರ್ಣದ್ರವ್ಯದಿಂದಲೇ ಬಂದ ನಿಜವಾದ ಬಣ್ಣ. ನನಗೆ ಈ ಹಕ್ಕಿಗಳಲ್ಲಿ ಅತಿ ಸೋಜಿಗವೆನಿಸುವುದು ಇದೇ.

ಆದರೆ ಗುರುತಿಗೆ ಬಣ್ಣವನ್ನು ನಂಬುವಂತಿಲ್ಲ, ಹಾಗಾಗಿ ಬೈನಾಕ್ಯುಲರನ್ನು ಮುಖದ ಮೇಲೇ ನಿಲ್ಲಿಸಬೇಕು. ಅದೂ ಬೇಗ: ಟುರಾಕೊ ಕೂತಲ್ಲಿ ಕೂರುವುದಿಲ್ಲ, ಕೊಂಬೆಯ ಮೇಲೆ ಅಳಿಲಿನಂತೆ ಓಡುತ್ತದೆ. ಅದರ ಹೊರಬೆರಳು ಹಿಂದಕ್ಕೂ ಮುಂದಕ್ಕೂ ತಿರುಗುವುದರಿಂದ ಹಿಡಿತ ತಪ್ಪುವುದಿಲ್ಲ. ಕೊಕ್ಕು, ಕಣ್ಣಿನ ಸುತ್ತಲ ಗೆರೆ, ಜುಟ್ಟಿನ ತುದಿ, ಈ ಕ್ರಮದಲ್ಲಿ ನೋಡಿ. ಅಂದು ಕಂಡದ್ದು ಕಪ್ಪು ಕೊಕ್ಕು, ಕಣ್ಣಿನ ಕೆಳಗೆ ಬಿಳಿ ಗೆರೆ, ಗಿಡ್ಡ ದುಂಡು ಜುಟ್ಟಿನ ಅಂಚಿಗೆ ಬಿಳಿ: ಬ್ಲ್ಯಾಕ್ ಬಿಲ್ಡ್ ಟುರಾಕೊ.

ಕೀನ್ಯಾದಲ್ಲಿ ಊರೂ ಅರ್ಧ ಉತ್ತರ ಕೊಡುತ್ತದೆ. ಮಸಾಯಿ ಮಾರಾದ ನದಿಯಂಚಿನ ಮರಗಳಲ್ಲಿ ಶಾಲೋ ಟುರಾಕೊ, ಅದರ ಜುಟ್ಟು ಉದ್ದ, ಚೂಪು. ಕರಾವಳಿಯಲ್ಲಿ ಕೆಂಪು ಜುಟ್ಟಿನ ಫಿಶರ್. ನೈರೋಬಿಯ ಕರೂರಾ ಕಾಡಿನಲ್ಲಾದರೆ ಹಾರ್ಟ್‌ಲಾಬ್: ಜುಟ್ಟು ನೀಲಿಗಪ್ಪು, ಕಣ್ಣಿನ ಮುಂದೆ ದುಂಡನೆಯ ಬಿಳಿ ಮಚ್ಚೆ.