5 ರೂಪಾಯಿ ಪ್ಯಾಕೆಟ್ಟು ಮತ್ತು ಚಿಕೋರಿ ಲೆಕ್ಕ

ಕೊಡಗಿನ ಪಾಲಿಬೆಟ್ಟದ ಕಡೆ ನಮ್ಮದೊಂದು ದಿನಸಿ ಅಂಗಡಿ. ಮಾವನ ಕಾಲದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಸುತ್ತ ಎಲ್ಲ ಕಾಫಿ ತೋಟ. ಶನಿವಾರ ತೋಟದಲ್ಲಿ ಬಟವಾಡೆ ಆಯಿತು ಅಂದರೆ ಕತ್ತಲಾಗುವ ತನಕ ನನಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಅಕ್ಕಿ, ಎಣ್ಣೆ, ಒಣಮೀನು, ಸೋಪು. ಆಮೇಲೆ ಮಕ್ಕಳಿಗೆ ಅಂತ ಚಿಪ್ಸು, ನೂಡಲ್ಸು, ಕ್ರೀಮ್ ಬಿಸ್ಕೆಟ್ಟು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಈ ಮಕ್ಕಳ ಸಾಮಾನು ಚೀಲದ ಬಾಯಲ್ಲಿ ಒಂಚೂರು ಇರುತ್ತಿತ್ತು. ಈಗ ಅರ್ಧ ಚೀಲ ಅದೇ.

ಇದರ ಬಗ್ಗೆ ಬರೆಯುವವರು, ಭಾಷಣ ಮಾಡುವವರು ಜನರಿಗೆ ಬುದ್ಧಿಯೇ ಇಲ್ಲ ಅನ್ನುವ ಹಾಗೆ ಮಾತಾಡುತ್ತಾರೆ. ಗಲ್ಲಾ ಮುಂದೆ ಕೂತವಳಿಗೆ ಹಾಗೆ ಕಾಣುವುದಿಲ್ಲ. ನನ್ನನ್ನು ಕೇಳಿದರೆ, ಕೊಡಗಿನಲ್ಲಿ ಪ್ಯಾಕೆಟ್ಟು ಗೆದ್ದದ್ದು ಮಳೆಯಿಂದ.

ಜುಲೈ ತಿಂಗಳಲ್ಲಿ ನಮ್ಮ ಅಂಗಡಿಗೆ ಬಂದು ನೋಡಿ. ಬೆಳಿಗ್ಗೆ ಭರಣಿಗೆ ಹಾಕಿದ ಚಕ್ಕುಲಿ ಸಂಜೆಗೆ ಮುರಿಯುವುದಿಲ್ಲ, ಬಾಗುತ್ತದೆ. ಹುರಿಗಡಲೆ ಹಲ್ಲಿಗೆ ಅಂಟುತ್ತದೆ. ಬೆಲ್ಲ ಜಿನುಗಿ ಕಾಗದ ಅಂಟಾಗುತ್ತದೆ, ಇರುವೆ ಸಾಲು ಹಿಡಿಯುತ್ತದೆ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ತರಕಾರಿ ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಷ್ಟರ ನಡುವೆ ಚಿಪ್ಸ್ ಪ್ಯಾಕೆಟ್ಟು ಮಾತ್ರ ಏನೂ ಆಗದ ಹಾಗೆ ನೇತಾಡುತ್ತಿರುತ್ತದೆ. ಒಳಗೆ ನೈಟ್ರೋಜನ್ ತುಂಬಿರುತ್ತಾರೆ, ಆಮ್ಲಜನಕ ಇಲ್ಲದ್ದರಿಂದ ಎಣ್ಣೆ ಕಮಟಾಗುವುದಿಲ್ಲ. ಒಳಮೈಯ ಬೆಳ್ಳಿ ಬಣ್ಣದ ಹಾಳೆ ತೇವ ಒಳಗೆ ಬಿಡುವುದಿಲ್ಲ. ಎಂಥ ಮಳೆಯಲ್ಲಿ ಒಡೆದರೂ ಕರುಂ ಅನ್ನುತ್ತದೆ. ಇಡೀ ದಿನ ಪ್ಲಾಸ್ಟಿಕ್ ಹೊದ್ದು ತೋಟದಲ್ಲಿ ನೆನೆದು ಬಂದ ಹೆಂಗಸು ಒದ್ದೆ ಸೌದೆ ಊದಿ ಊದಿ ಅಡಿಗೆ ಮಾಡಬೇಕು, ಮಗು ಹಸಿವು ಅಂತ ಅಳುತ್ತಿದೆ. ಅವಳು ನೂಡಲ್ಸ್ ಕೇಳಿದರೆ ಅದರಲ್ಲಿ ತಪ್ಪೇನು?

ಮಳೆಗಾಲದಲ್ಲಿ ಗಿರಾಕಿಗಳು ಕಡಿಮೆ. ಸುಮ್ನೆ ಕೂತು ಬೇಜಾರಾಗಿ ಪ್ಯಾಕೆಟ್ಟಿನ ಹಿಂಬದಿ ಓದುವ ಅಭ್ಯಾಸ ಶುರುವಾಯಿತು. ಕನ್ನಡಕ ಬೇಕೇ ಬೇಕು, ಅಷ್ಟು ಸಣ್ಣ ಅಕ್ಷರ. ಯಾವುದು ತೂಕದಲ್ಲಿ ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ಕಾನೂನು. ಹೆಚ್ಚಿನ ಬಿಸ್ಕೆಟ್ಟುಗಳಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ, ಈ ಮೂರು ಮೊದಲು ಬರುತ್ತವೆ. ಅಷ್ಟಕ್ಕೆ ಮುಗಿಯುವುದಿಲ್ಲ. ಸ್ವಲ್ಪ ಕೆಳಗೆ ಇನ್ವರ್ಟ್ ಸಿರಪ್, ಗ್ಲೂಕೋಸ್ ಸಿರಪ್ ಅಂತ ಸಕ್ಕರೆಯೇ ಬೇರೆ ಹೆಸರಲ್ಲಿ ಇನ್ನೊಂದು ಸಲ ಬಂದು ಕೂತಿರುತ್ತದೆ. ಉಪ್ಪು ಎಷ್ಟು ಅಂತ ನೇರವಾಗಿ ಬರೆಯುವುದಿಲ್ಲ, ಸೋಡಿಯಂ ಎಷ್ಟು ಅಂತ ಬರೆಯುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಹಾಗೆ ಗುಣಿಸಿದರೆ ಒಂದು ಸಣ್ಣ ನೂಡಲ್ಸ್ ಪ್ಯಾಕೆಟ್ಟಿನಲ್ಲಿ ಮಸಾಲೆ ಸೇರಿ ಹೆಚ್ಚು ಕಡಿಮೆ 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ಇಡೀ ದಿನಕ್ಕೆ 5 ಗ್ರಾಂ ದಾಟಬೇಡಿ ಅನ್ನುತ್ತದೆ.

ಈ ಲೆಕ್ಕವೆಲ್ಲ ಇಂಗ್ಲಿಷಿನಲ್ಲಿ. ಲೈನ್ ಮನೆಯಿಂದ, ಅಂದರೆ ತೋಟದ ಕೆಲಸದವರ ಸಾಲುಮನೆಯಿಂದ ಬರುವವರಲ್ಲಿ ಎಷ್ಟೋ ಜನ ಕನ್ನಡವನ್ನೇ ಕಷ್ಟಪಟ್ಟು ಓದುತ್ತಾರೆ. ಅವರು ನೋಡುವುದು ಹಸಿರು ಚುಕ್ಕಿ. ಹಸಿರು ಇದ್ದರೆ ಒಳ್ಳೆಯದು ಅಂತ ನಂಬಿದವರು ತುಂಬಾ ಜನ ಇದ್ದಾರೆ. ಅದು ಸಸ್ಯಾಹಾರ ಅಂತ ಹೇಳುತ್ತದೆ ಅಷ್ಟೆ, ಸಕ್ಕರೆ ಎಷ್ಟಿದೆ ಅಂತ ಅಲ್ಲ. ಓದಿದವರ ಕಥೆಯೂ ಅಷ್ಟಕ್ಕಷ್ಟೆ ಬಿಡಿ. ನಮ್ಮ ಮಾವನಿಗೆ ಶುಗರ್ ಇದೆ. ಡೈಜೆಸ್ಟಿವ್ ಬಿಸ್ಕೆಟ್ಟನ್ನು ಔಷಧಿಯ ಹಾಗೆ ಮೂರು ಹೊತ್ತು ತಿನ್ನುತ್ತಾರೆ. "ಅದು ಗೋಧೀದು ಕಣಮ್ಮ" ಅಂತ ನನಗೇ ಪಾಠ. ಹಿಂದೆ ತಿರುಗಿಸಿ ಸಕ್ಕರೆ ಇರುವ ಸಾಲು ತೋರಿಸಿದೆ. ಅವತ್ತಿಡೀ ಮಾತಾಡಲಿಲ್ಲ.

ಇಲ್ಲಿ ನನಗೆ ಕಾಫಿಪುಡಿಯ ವಿಷಯ ಹೇಳಲೇಬೇಕು. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಕರ್ನಾಟಕದ ಪಾಲು ಶೇ 70ರ ಹತ್ತಿರ, ಅದರಲ್ಲಿ ಕೊಡಗಿನದೇ ದೊಡ್ಡ ಪಾಲು. ಆ ಕಾಫಿ ಕುಯ್ದು ಬಂದವರು ನನ್ನ ಅಂಗಡಿಯಲ್ಲಿ ಕೊಳ್ಳುವುದು ಗುಜರಾತಿನಿಂದಲೋ ಉತ್ತರ ಪ್ರದೇಶದಿಂದಲೋ ಬಂದ ಚಿಕೋರಿ ಬೆರೆಸಿದ ಪುಡಿ. ಚಿಕೋರಿ ವಿಷವೇನಲ್ಲ, ಒಂದು ಗಿಡದ ಬೇರನ್ನು ಹುರಿದು ಪುಡಿ ಮಾಡಿದ್ದು. ಆದರೆ ಬೆರೆಸುವುದಕ್ಕೆ ಮಿತಿ ಇದೆ. ಕಾಫಿ ಕನಿಷ್ಠ ಶೇ 51 ಇರಬೇಕು, ಕಾಫಿ ಎಷ್ಟು ಚಿಕೋರಿ ಎಷ್ಟು ಅಂತ ಪ್ಯಾಕೆಟ್ಟಿನ ಮೇಲೆ ಹಾಕಲೇಬೇಕು. ನನ್ನಲ್ಲಿರುವ ಪ್ಯಾಕೆಟ್ಟುಗಳಲ್ಲಿ ಮುಂದೆಯೇ ಕಾಣುತ್ತದೆ. ಅದರ ಪರಿಣಾಮ ನೋಡಿ. ಓದು ಬಾರದವರೂ ಬಂದು, "ಅಕ್ಕಾ, ಐವತ್ಮೂರರದು ಬೇಡ, ಅರುವತ್ತರದು ಕೊಡಿ" ಅನ್ನುತ್ತಾರೆ. ಅಂಕಿ ಎಲ್ಲರಿಗೂ ಗೊತ್ತಾಗುತ್ತದೆ. ದುಡ್ಡು ಕಡಿಮೆ ಇದ್ದ ವಾರ ಗೊತ್ತಿದ್ದೇ ಐವತ್ಮೂರರದು ಒಯ್ಯುತ್ತಾರೆ.

ಚಿಕೋರಿಗೆ ಆಗುವುದು ಸಕ್ಕರೆಗೆ ಯಾಕಾಗುವುದಿಲ್ಲ? ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿ ಮೀರಿದ ಪ್ಯಾಕೆಟ್ಟಿನ ಮುಂದೆ ಎಂಟು ಮೂಲೆಯ ಕಪ್ಪು ಗುರುತು ಹಾಕುತ್ತಾರೆ. ನಮ್ಮಲ್ಲಿ 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನಕ್ಷತ್ರ ಕೊಡುವ ಕರಡು ತಂದಿತು, ಅರ್ಧದಿಂದ ಐದರ ತನಕ. ನನಗೆ ಅದು ಹಿಡಿಸಲಿಲ್ಲ. ಅರ್ಧ ನಕ್ಷತ್ರ ಕೊಟ್ಟರೂ ನಕ್ಷತ್ರ ನಕ್ಷತ್ರವೇ ಅಲ್ವಾ? ಮಕ್ಕಳು ಖುಷಿಯಾಗಿ ತಗೊಳ್ಳುತ್ತಾರೆ.

ಸಕ್ಕರೆ, ಉಪ್ಪು ಎರಡೇ ಅಲ್ಲ, ಬೇರೆ ಏನೋ ಇದೆ ಅಂತಲೂ ಅನ್ನಿಸುತ್ತಿತ್ತು. ಒಂದು ಪ್ಯಾಕೆಟ್ ತಿಂದ ಮಗು ಅಲ್ಲೇ ನಿಂತು ಇನ್ನೊಂದು ಕೇಳುತ್ತದೆ, ಕಡಲೆಕಾಯಿ ತಿಂದದ್ದು ಕೇಳುವುದಿಲ್ಲ. ಅಮೆರಿಕದಲ್ಲಿ ಕೆವಿನ್ ಹಾಲ್ ಅನ್ನುವ ವಿಜ್ಞಾನಿ ಇದನ್ನೇ ಪರೀಕ್ಷೆ ಮಾಡಿದ್ದಾರೆ, 2019ರಲ್ಲಿ ಪ್ರಕಟವಾಯಿತು. 20 ಜನರನ್ನು ಒಂದು ಕಡೆ ಇರಿಸಿ, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಊಟ, ಎರಡು ವಾರ ಮಾಮೂಲಿ ಅಡಿಗೆ. ಎರಡರಲ್ಲೂ ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮ ಇರುವ ಹಾಗೆ ಬಡಿಸಿ, ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆಯ ಊಟದಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡು ವಾರಕ್ಕೆ ಒಂದು ಕೆಜಿಯ ಹತ್ತಿರ ತೂಕ ಏರಿತು. ಬೇಗ ಬೇಗ ತಿನ್ನುತ್ತಿದ್ದರಂತೆ. ಮೆತ್ತಗೆ ಇರುತ್ತದಲ್ಲ, ಅಗಿಯುವ ಕೆಲಸವೇ ಇಲ್ಲ.

ಹಾಗಂತ ಹಳೆಯದೆಲ್ಲ ಅಮೃತ ಅನ್ನುವವಳು ನಾನಲ್ಲ. ನೆಂಟರ ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೂ ಒಲೆ ಮೇಲೆ ತೂಗಿ ಹೊಗೆ ಕುಡಿಸಿದ ಹಂದಿ ಮಾಂಸ ನೆನೆದು, ಅದೇ ನಿಜವಾದ ಆಹಾರ ಅನ್ನುತ್ತಾರೆ. ರುಚಿಯ ಬಗ್ಗೆ ಎರಡು ಮಾತಿಲ್ಲ, ನಮ್ಮ ಕಡೆಯ ಕಪ್ಪು ಹುಳಿ ಕಾಚಂಪುಳಿ ಬಿದ್ದರಂತೂ ಕೇಳಬೇಡಿ. ಆದರೆ ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಮಾಂಸವೂ ಸಂಸ್ಕರಿಸಿದ ಮಾಂಸವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಇಂಥ ಮಾಂಸ ಕ್ಯಾನ್ಸರ್ ತರುತ್ತದೆ ಅಂತಲೇ ಹೇಳಿದೆ. ಅಜ್ಜಿಯಂದಿರು ಅದನ್ನು ದಿನಾ ತಿನ್ನುತ್ತಿರಲಿಲ್ಲ ಅನ್ನುವುದು ಬೇರೆ ವಿಷಯ.

ಇಷ್ಟೆಲ್ಲ ಗೊತ್ತಿದ್ದೂ ಮಾರುತ್ತೀಯಲ್ಲ ಅಂತ ತಂಗಿ ಕೇಳುತ್ತಾಳೆ. ಮಾರುತ್ತೇನೆ. ಇಲ್ಲದಿದ್ದರೆ ಮುಂದಿನ ಜಂಕ್ಷನ್ನಿನ ಅಂಗಡಿಗೆ ಹೋಗುತ್ತಾರೆ, ಅಕ್ಕಿಯನ್ನೂ ಅಲ್ಲೇ ಕೊಳ್ಳುತ್ತಾರೆ. ಅಂಗಡಿ ಅಂಗಡಿಗೆ ಮಾಲು ಹಾಕಲು ಬರುವ ಒಂದು ಕಂಪನಿಯ ಹುಡುಗ ಚಿಪ್ಸ್ ನೇತುಹಾಕಲು ಪುಕ್ಕಟೆ ಸ್ಟ್ಯಾಂಡ್ ತಂದುಕೊಟ್ಟ. ಮಕ್ಕಳ ಕಣ್ಣಿಗೆ ಸರಿಯಾಗಿ ಬಾಗಿಲಲ್ಲೇ ಇಡಬೇಕು ಅಂದ. ಅದರಲ್ಲಿ ಈಗ ಬೆಳ್ಳುಳ್ಳಿ, ಈರುಳ್ಳಿ ಇವೆ. ಬಾಗಿಲಲ್ಲಿ ಬಾಳೆಗೊನೆ ತೂಗಿದ್ದೇನೆ, ಒಂದು ಹಣ್ಣಿಗೆ 5 ರೂಪಾಯಿ, ಚಿಪ್ಸಿನ ರೇಟೇ.

ವ್ಯಾಪಾರದ ಗುಟ್ಟು ಇರುವುದು ಇಲ್ಲಿ. ಪ್ಯಾಕೆಟ್ಟಿನ ತಾರೀಕು ಮುಗಿದರೆ ಅದೇ ಹುಡುಗ ಎಣಿಸಿಕೊಂಡು ವಾಪಸ್ ಒಯ್ಯುತ್ತಾನೆ, ಹೊಸದು ಕೊಡುತ್ತಾನೆ. ನನಗೆ ಒಂದು ಪೈಸೆ ನಷ್ಟವಿಲ್ಲ. ಕಪ್ಪಾದ ಬಾಳೆಹಣ್ಣನ್ನು ಯಾರು ವಾಪಸ್ ಒಯ್ಯುತ್ತಾರೆ? ಅದರ ನಷ್ಟ ಪೂರ್ತಿ ನನ್ನದೇ. ಹಾಗಾಗಿ ಅದನ್ನು ಕಿವುಚಿ, ಮೊಸರು, ಜೀರಿಗೆ ಹಾಕಿ ಬನ್ಸ್ ಕರಿಯುತ್ತೇನೆ. ಹೌದು, ಮೈದಾ. ಹೌದು, ಎಣ್ಣೆ, ಸಕ್ಕರೆಯೂ ಇದೆ. ಕಾಗದದಲ್ಲಿ ಬರೆದು ಡಬ್ಬಿಗೆ ಅಂಟಿಸಿದ್ದೇನೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಬಟವಾಡೆ ದಿನ ಕತ್ತಲಾಗುವ ಮೊದಲೇ ಡಬ್ಬಿ ಖಾಲಿ.