ನಿಂಬೆರಸ, ಕಡಪಾ ಕಲ್ಲು, ಬೆಲುಂ ಗುಹೆ

ಬಳ್ಳಾರಿಯ ಮಕ್ಕಳಿಗೆ ಕಲ್ಲು ಹೊಸದಲ್ಲ. ಕಣ್ಣು ಬಿಟ್ಟರೆ ಗುಡ್ಡ, ಗುಡ್ಡದ ತುಂಬ ಬಂಡೆ. ಅವರ ಪಾಲಿಗೆ ಗುಹೆ ಎಂದರೆ ಎರಡು ಬಂಡೆಗಳ ನಡುವಿನ ಸಂದು. ಈ ಕಡೆ ನುಸುಳಿ ಆ ಕಡೆ ಬರುವ ಜಾಗ. ನೀರು ಕಲ್ಲನ್ನು ಕರಗಿಸಿ ನೆಲದಡಿ ಮೈಲುಗಟ್ಟಲೆ ದಾರಿ ಮಾಡುತ್ತದೆ ಎಂದಾಗ ಅಕ್ಕನ ಮಗ ಒಪ್ಪಲೇ ಇಲ್ಲ. "ಕಲ್ಲೇನ್ ಸಕ್ರೆನಾ ಕರಗಾಕ?" ಅಂದ.

ಬಾಯಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಅಕ್ಕನ ಅಡುಗೆಮನೆ ಕಟ್ಟೆ ಕಡಪಾ ಕಲ್ಲಿನದು. ಒಲೆಯ ಹಿಂದಿನ ಮೂಲೆಯಲ್ಲಿ ಅರ್ಧ ನಿಂಬೆಹಣ್ಣು ಹಿಂಡಿ ರಾತ್ರಿಯೆಲ್ಲ ಹಾಗೇ ಬಿಟ್ಟೆವು. ಬೆಳಿಗ್ಗೆ ಒರೆಸಿದರೆ ಅಷ್ಟಗಲ ಹೊಳಪು ಹೋಗಿ ಮಂಕು ಕಲೆಯಾಗಿತ್ತು, ಬೆರಳಿಗೆ ತರಿ ತರಿ ಹತ್ತುತ್ತಿತ್ತು. ಕಡಪಾ ಕಲ್ಲು ಅಂದರೆ ಕಪ್ಪು ಸುಣ್ಣಕಲ್ಲು, ಹುಳಿ ಅದನ್ನು ತಿನ್ನುತ್ತದೆ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತಾನೂ ಒಂಚೂರು ಹುಳಿಯಾಗುತ್ತದೆ. ಆ ನೀರು ಕಲ್ಲಿನ ಬಿರುಕು ಹಿಡಿದು ಲಕ್ಷಾಂತರ ವರ್ಷ ಹರಿದರೆ ಏನಾಗುತ್ತದೆ ಎಂದು ನೋಡಲು ಮನೆಯ ಮತ್ತು ಪಕ್ಕದ ಮನೆಯ ಮಕ್ಕಳನ್ನು ಕರೆದುಕೊಂಡು ಬೆಲುಂ ಗುಹೆಗೆ ಹೊರಟೆ. ಗುಂತಕಲ್ಲು, ಗುತ್ತಿ, ತಾಡಪತ್ರಿ ದಾಟಿದರೆ ಆಂಧ್ರದ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ. ಅಲ್ಲೇ ಹತ್ತಿರ ಬೆಲುಂ.

ಗುಡ್ಡವೇ ಇಲ್ಲದ್ದು ನೋಡಿ ಮಕ್ಕಳಿಗೆ ನಿರಾಸೆ. ಸುತ್ತ ಬಟ್ಟಂಬಯಲು. ನೆಲ ಕುಸಿದು ಬಾವಿಯಂತಾದ ಕಡೆ ಮೆಟ್ಟಿಲು ಕಟ್ಟಿದ್ದಾರೆ, ಅದೇ ಬಾಗಿಲು. ಇಳಿದ ಮೇಲೆ ಎರಡನೇ ಆಶ್ಚರ್ಯ: ಒಳಗೆ ತಂಪಿಲ್ಲ, ಸೆಕೆ. ಆಳದ ಗುಹೆಯೊಳಗಿನ ಬಿಸಿ ಹೆಚ್ಚುಕಡಿಮೆ ಆ ಸೀಮೆಯ ಇಡೀ ವರ್ಷದ ಸರಾಸರಿಯಷ್ಟೇ ಇರುತ್ತದೆ. ರಾಯಲಸೀಮೆಯ ಸರಾಸರಿ ಎಷ್ಟಿರಬಹುದೆಂದು ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಜೊತೆಗೆ ತೇವ. ಮಕ್ಕಳ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಮಕ್ಕಳನ್ನು ಕರೆದೊಯ್ಯುವವರು ನೀರು ಹೆಚ್ಚು ಇಟ್ಟುಕೊಳ್ಳಿ, ಬೇಸಿಗೆ ಬಿಟ್ಟು ಹೋಗಿ.

ಈ ಗುಹೆಯ ಬಗ್ಗೆ 1884ರಲ್ಲಿ ಬರೆದಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಹೆಸರು ಕೇಳಿದ್ದೇ ಪಕ್ಕದ ಮನೆಯ ಹುಡುಗಿ "ನಮ್ಮೂರ ಮ್ಯೂಸಿಯಂನವ್ರಾ?" ಅಂದಳು. ಹೌದು, ಬಳ್ಳಾರಿಯ ಮ್ಯೂಸಿಯಂಗೆ ಇಟ್ಟಿರುವುದು ಅವರದೇ ಹೆಸರು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ಗುರುತಿಸಿದ ಭೂವಿಜ್ಞಾನಿ. ಮುಂದೆ ಸುಮಾರು ಒಂದು ಶತಮಾನ ಬೆಲುಂ ಕಡೆ ಹೆಚ್ಚು ಜನ ತಲೆ ಹಾಕಲಿಲ್ಲ. 1982-83ರಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ತೆವಳಿ, ಅಳೆದು ನಕ್ಷೆ ಮಾಡಿತು. ಒಟ್ಟು ಉದ್ದ 3,229 ಮೀಟರ್. ನಮಗೆ ನಡೆಯಲು ಬಿಟ್ಟಿರುವುದು ಅದರಲ್ಲಿ ಅರ್ಧದಷ್ಟು.

ಸಪ್ತಸ್ವರದ ಕೋಣೆಯಲ್ಲಿ ಜಗಳ ಶುರುವಾಯಿತು. ಅಲ್ಲಿ ಚಾವಣಿಯಿಂದ ಇಳಿಬಿದ್ದ ಕಲ್ಲುಗಳನ್ನು ಬಡಿದರೆ ನಾದ ಹೊಮ್ಮುತ್ತದೆ. ಸಂಗನಕಲ್ಲು ಗುಡ್ಡದ ಮೇಲೂ ಗಂಟೆಯ ಹಾಗೆ ಮೊಳಗುವ ಕರಿಬಂಡೆಗಳಿವೆ, ಶಾಲೆಯಿಂದ ಹೋದಾಗ ಅವನ್ನು ಇವರು ನೋಡಿಬಂದಿದ್ದರು. ಇಲ್ಲೂ ಬಾರಿಸೋಣ ಎಂದು ಅಕ್ಕನ ಮಗ. ಬೇಡ ಎಂದು ಹುಡುಗಿ. ಪಂಚಾಯಿತಿ ನನ್ನ ಹತ್ತಿರ ಬಂತು. ನಾನು ಹುಡುಗಿಯ ಕಡೆ. ನಮ್ಮೂರ ಕರಿಬಂಡೆ ಭೂಗರ್ಭದ ಬೆಂಕಿಯಲ್ಲಿ ಕರಗಿ, ಆರಿ ಗಟ್ಟಿಯಾದದ್ದು. ಅದರ ಬೆಳವಣಿಗೆ ಮುಗಿದಿದೆ. ಇದು ಹಾಗಲ್ಲ. ಮೇಲಿಂದ ತೊಟ್ಟಿಕ್ಕುವ ಪ್ರತಿ ಹನಿಯೂ ತಾನು ಕರಗಿಸಿ ತಂದ ಸುಣ್ಣದಲ್ಲಿ ಕಣದಷ್ಟನ್ನು ಬಿಟ್ಟು ಹೋಗಿ ಹೋಗಿ ಈ ಸ್ಟ್ಯಾಲಕ್ಟೈಟ್ ಇಳಿದಿದೆ. ಸಾಮಾನ್ಯವಾಗಿ ಸಾವಿರ ವರ್ಷಕ್ಕೆ ಒಂದು ಗೇಣು ಸಿಗುವುದು ಕಷ್ಟ. ನಮ್ಮ ಅಂಗೈಯ ಜಿಡ್ಡು ಅಂಟಿದರೂ ಸಾಕು, ಆ ಜಾಗದಲ್ಲಿ ಸುಣ್ಣ ಕೂರುವುದು ಕೆಡುತ್ತದೆ. ಹುಡುಗ ಎರಡೂ ಕೈ ಚಡ್ಡಿ ಜೇಬಿಗಿಳಿಸಿ ನಡೆದ. ಮುಖ ಮಾತ್ರ ಊದಿಕೊಂಡಿತ್ತು. ಇರಲಿ ಬಿಡಿ, ಆ ವಯಸ್ಸಿಗೆ ಬಾರಿಸಬೇಕು ಅನ್ನಿಸುವುದು ಸಹಜ.

ದೀಪವೊಂದರ ಸುತ್ತ ಗೋಡೆ ಹಸಿರಾಗಿದ್ದನ್ನು ಮೊದಲು ಕಂಡದ್ದೂ ಅವನೇ. ಬಿಸಿಲೇ ಬೀಳದ ಕಡೆ ಪಾಚಿ ಹೇಗೆ ಬಂತು? ದೀಪವೇ ಅದಕ್ಕೆ ಬಿಸಿಲು. ವಿದ್ಯುತ್ ದೀಪ ಹಾಕಿದ ಪ್ರವಾಸಿ ಗುಹೆಗಳಲ್ಲಿ ಲೋಕದೆಲ್ಲೆಡೆ ಇದೇ ಕಥೆ. ಕತ್ತಲೆಗೆ ಒಗ್ಗಿದ ಒಂದು ಲೋಕದೊಳಕ್ಕೆ ನಾವು ಬೆಳಕನ್ನು ತಂದರೆ ಅದರ ಹಿಂದೆಯೇ ಹಸಿರೂ ಬರುತ್ತದೆ. ಈ ಪಾಚಿಯ ಮುಂದೆ ನಾವು ನಿಂತಷ್ಟು ಹೊತ್ತು ಬೇರೆಲ್ಲೂ ನಿಲ್ಲಲಿಲ್ಲ.

ಬಾವಲಿ ನೋಡಬೇಕೆಂದು ಬಂದಿದ್ದ ಚಿಕ್ಕವಳಿಗೆ, ನಾವು ನಡೆದ ದಾರಿಯಲ್ಲಿ ಒಂದೂ ಸಿಗಲಿಲ್ಲ. ಬೆಳಕು, ಗದ್ದಲ ಇದ್ದಲ್ಲಿ ಅವು ನೆಲೆ ನಿಲ್ಲುವುದು ಕಷ್ಟ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿರುವ ಎಲೆಮೂಗಿನ ಬಾವಲಿಯ ಬಗ್ಗೆ ಅವಳಿಗೆ ಹೇಳಿದೆ. ಆ ಜಾತಿಗೆ ಈಗ ಉಳಿದಿರುವ, ನಮಗೆ ತಿಳಿದ ನೆಲೆ ಅದೊಂದೇ. ಸುತ್ತಮುತ್ತ ಗ್ರಾನೈಟ್ ಸಿಡಿಸಿದ್ದು ಅವುಗಳ ಸಂಖ್ಯೆಯನ್ನು ಕುಗ್ಗಿಸಿತು. "ಅಲ್ಲಿಗೆ ಯಾವಾಗ ಹೋಗೋದು?" ಅಂದಳು. ಹೋಗಬಾರದು, ನಾವು ಹೋಗದೇ ಇರುವುದೇ ಅವಕ್ಕೆ ಬೇಕಾದದ್ದು ಅಂದೆ. ಅವಳಿಗೆ ಅದು ಸರಿಕಾಣಲಿಲ್ಲ. ಆರು ವರ್ಷದವಳಿಗೆ ಒಪ್ಪಿಸಲು ನನಗೂ ಮಾತು ಸಾಲಲಿಲ್ಲ.

46 ಮೀಟರ್ ಆಳದ ಪಾತಾಳಗಂಗೆಯಲ್ಲಿ ಸಣ್ಣ ತೊರೆಯೊಂದು ಕಲ್ಲಿನೊಳಗೆ ಇಳಿದು ಕಾಣೆಯಾಗುತ್ತದೆ. ಅಲ್ಲಿ ಎಲ್ಲರನ್ನೂ ಕಣ್ಣು ಮುಚ್ಚಿ ಕೂರಿಸಿದೆ. ನೀರಿನ ಸದ್ದು ಯಾವ ದಿಕ್ಕಿಗೆ ಹೋಗುತ್ತದೆಂದು ಕೈ ತೋರಿಸಿ ಎಂದರೆ ಒಬ್ಬೊಬ್ಬರ ಕೈ ಒಂದೊಂದು ಕಡೆ. ಆ ನೀರು ಬೆಲುಂ ಊರಿನ ಬಾವಿ ಸೇರುತ್ತದೆಂದು ಊರವರ ನಂಬಿಕೆ ಎಂದಾಗ, ಹುಡುಗಿ ಅರಿಶಿನ ಕಲಸಿ ಬಿಟ್ಟು ನೋಡಬಹುದಲ್ಲ ಅಂದಳು. ಗುಹೆ ಶೋಧಕರು ಬಣ್ಣ ಬೆರೆಸಿ ನೀರಿನ ಜಾಡು ಹಿಡಿಯುವ ವಿಧಾನ ನಿಜಕ್ಕೂ ಉಂಟು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವಾಪಸ್ ಬರುವಾಗ ತಾಡಪತ್ರಿ ರಸ್ತೆಯಲ್ಲಿ ಸುಣ್ಣಕಲ್ಲು ತುಂಬಿದ ಲಾರಿಗಳು ಎದುರಾದವು. ಸಿಮೆಂಟಿಗೆ ಬೇಕಾದ ಕಲ್ಲು ಅದೇ. "ಆ ಕಲ್ಲೊಳಗೂ ಗುಹೆ ಇರ್ತದಾ?" ಎಂದು ಅಕ್ಕನ ಮಗ ಕೇಳಿದ. ಇರಬಹುದು, ಬಗೆಯುವ ಮೊದಲು ಯಾರಾದರೂ ನೋಡಬೇಕು ಅಂದೆ. ಯಾರು ನೋಡ್ತಾರೆ, ಹೇಗೆ ನೋಡ್ತಾರೆ, ಅದಕ್ಕೆ ಏನು ಓದಬೇಕು ಎಂದು ಗುಂತಕಲ್ಲಿನವರೆಗೂ ಕೇಳುತ್ತಲೇ ಇದ್ದ.